ಹ್ಯಾಂಡಲ್ ತಿರುಗದ ಜನರೇಟರ್: 11 ಸಾವಿರಕ್ಕೆ ತಂದ ಹಳೆಯ ಕಿರ್ಲೋಸ್ಕರ್ ಟಿವಿ1

ಕಳೆದ ಫೆಬ್ರವರಿಯಲ್ಲಿ ಸಾಗರದ ಹತ್ತಿರ ಒಬ್ಬ ಶಾಮಿಯಾನದವರ ಹಿತ್ತಲಲ್ಲಿ ಈ ಜನರೇಟರ್ ಮೊದಲ ಸಲ ನೋಡಿದೆ. ಹರಿದ ತಾರ್ಪಾಲು ಹೊದ್ದು ಹಲಸಿನ ಮರದ ಕೆಳಗೆ ಕೂತಿತ್ತು. ನಾಲ್ಕು ಮಳೆಗಾಲ ಅಲ್ಲೇ ಕಳೆದಿದೆ ಎಂದರು. ಅದಕ್ಕೂ ಮುಂಚೆ ಜಾತ್ರೆ, ಮದುವೆಗಳಲ್ಲಿ ಸೀರಿಯಲ್ ಲೈಟು, ಮೈಕ್ ಸೆಟ್ ಎಲ್ಲ ಇದರ ಮೇಲೇ ಓಡುತ್ತಿತ್ತಂತೆ. ಆಮೇಲೆ ಸದ್ದು ಕಡಿಮೆ ಇರುವ ಹೊಸ ಸೆಟ್ ತಗೊಂಡರು, ಇದು ಮೂಲೆ ಸೇರಿತು. ಎಂಜಿನ್ ಕಿರ್ಲೋಸ್ಕರ್ ಟಿವಿ1 ಎಂಬ ಡೀಸೆಲ್ ಮಾಡೆಲ್. ಒಂದೇ ಸಿಲಿಂಡರ್, ನೀರಿನಿಂದ ತಣಿಯುವಂಥದ್ದು, ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವಂಥದ್ದು, 1500 ಆರ್‌ಪಿಎಂಗೆ 7 ಎಚ್‌ಪಿ. ಅದಕ್ಕೆ ಜೋಡಿಸಿದ, ಕರೆಂಟ್ ಹುಟ್ಟಿಸುವ ಡೈನಮೋ 5 ಕೆವಿಎ, ಸಿಂಗಲ್ ಫೇಸ್. ಕೇಳಿದ ಬೆಲೆ 18 ಸಾವಿರ.

"ಹ್ಯಾಂಡಲ್ ತಿರುಗಲ್ಲ ಗೌಡ್ರೇ, ಅದೊಂದು ಮೊದ್ಲೇ ಹೇಳಿರ್ತೀನಿ" ಎಂದರು. ಆ ಮಾತಿಗೇ ಅವರ ಮೇಲೆ ನಂಬಿಕೆ ಬಂತು. ಹಳೆಯ ಸೆಟ್ ಮಾರುವವರು ಸಾಮಾನ್ಯವಾಗಿ ಹೇಳುವುದು ಬೇರೆ: "ಏನಿಲ್ಲ, ಡೀಸೆಲ್ ಹಾಕಿ ಹೊಡೆದ್ರೆ ಸ್ಟಾರ್ಟ್ ಆಗುತ್ತೆ."

ಈಗ ಹನ್ನೊಂದು ತಿಂಗಳಾಯಿತು. ನನ್ನ ನೋಟ್‌ಬುಕ್ ಪ್ರಕಾರ ಸೆಟ್ 140 ಗಂಟೆ ಓಡಿದೆ. ಒಂದು ಪೂರ್ತಿ ಮಳೆಗಾಲ, ಒಂದು ಅಡಿಕೆ ಕೊಯ್ಲು ಎರಡನ್ನೂ ನೋಡಿದೆ. ಇಷ್ಟಾದ ಮೇಲೆ ಬರೆಯೋಣ ಎಂದು ಸುಮ್ನೆ ಇದ್ದೆ.

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಕಾಡಂಚಿನ ತೋಟ. ಇಲ್ಲಿ ಜುಲೈನಲ್ಲಿ ಗಾಳಿ ಬಂದರೆ ಮರ ಬೀಳುತ್ತದೆ, ಮರ ಬಿದ್ದರೆ ಲೈನ್ ಹೋಗುತ್ತದೆ. ಲೈನ್‌ಮನ್‌ಗಳು ಆ ಮಳೆಯಲ್ಲಿ, ಜಿಗಣೆ ಕಚ್ಚಿಸಿಕೊಂಡು, ಕಂಬದಿಂದ ಕಂಬಕ್ಕೆ ನಡೆದು ಹೋಗಿ ಸರಿ ಮಾಡಬೇಕು. ಎರಡು ಮೂರು ದಿನ ಹಿಡಿಯುತ್ತದೆ. ಅಮ್ಮನ ಇನ್ಸುಲಿನ್ ಫ್ರಿಜ್‌ನಲ್ಲಿರಬೇಕು, ಬಾವಿಯಿಂದ ನೀರು ಎತ್ತಬೇಕು. ಕೊಯ್ಲಿನ ಹೊತ್ತಲ್ಲಿ ಅಡಿಕೆ ಸುಲಿಯುವ ಮೆಷಿನ್ ಒಂದು ದಿನ ನಿಂತರೂ ಹಸಿ ಅಡಿಕೆ ರಾಶಿ ಬಿದ್ದಿರುತ್ತದೆ. ಹೊಸ 5 ಕೆವಿಎ ಸೆಟ್‌ಗೆ ಕೊಟೇಶನ್ ತರಿಸಿದ್ದೆ. ಈ ಸೆಟ್‌ಗೆ ರಿಪೇರಿಯೆಲ್ಲ ಸೇರಿ ಆದ ಖರ್ಚಿನ ಮೂರು ಪಟ್ಟಿಗಿಂತ ಜಾಸ್ತಿ ಇತ್ತು. ಎರಡು ಎಕರೆ ತೋಟದವನಿಗೆ ಅದು ಆಗುವ ಮಾತಲ್ಲ. ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ 11 ವರ್ಷ ಕೆಲಸ ಮಾಡಿ ಊರಿಗೆ ವಾಪಸ್ ಬಂದವನು ನಾನು, ಪಾನಾ ಹಿಡಿಯುವ ಅಭ್ಯಾಸ ಇದೆ. ಹಾಗಾಗಿ ಧೈರ್ಯ ಮಾಡಿದೆ.

ನಿಂತ ಎಂಜಿನ್ ನೋಡಲು ಹೋದಾಗ ಎಲ್ಲರೂ ಕೇಳುವುದು "ಓಡುತ್ತಾ?" ಎಂದು. ನನ್ನ ಪ್ರಕಾರ ಕೇಳಬೇಕಾದ್ದು "ಯಾಕೆ ನಿಂತಿತು?" ಎಂದು. ಎಣ್ಣೆ ಇಲ್ಲದೆ ಓಡಿ ಹಿಡಿದುಕೊಂಡ ಎಂಜಿನ್ ಬೇರೆ, ಸುಮ್ಮನೆ ನಿಂತು ತುಕ್ಕು ಹಿಡಿದ ಎಂಜಿನ್ ಬೇರೆ. ಎರಡರದ್ದೂ ಹ್ಯಾಂಡಲ್ ತಿರುಗುವುದಿಲ್ಲ. ಆದರೆ ಮೊದಲನೆಯದಕ್ಕೆ ಕ್ರ್ಯಾಂಕ್, ಬೇರಿಂಗ್, ಕನೆಕ್ಟಿಂಗ್ ರಾಡ್ ಎಲ್ಲಕ್ಕೂ ಪೆಟ್ಟು ಬಿದ್ದಿರುತ್ತದೆ. ಎರಡನೆಯದಕ್ಕೆ ಹೆಚ್ಚಾಗಿ ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್ ರಿಂಗ್‌ನಲ್ಲಿ ಮುಗಿಯುತ್ತದೆ. ಕೊನೆಯ ದಿನ ಹೇಗೆ ಓಡಿತು ಎಂದು ಕೇಳಿದೆ. "ದೀಪಾವಳಿ ಆರ್ಕೆಸ್ಟ್ರಾಗೆ ರಾತ್ರಿಯೆಲ್ಲ ಓಡಿತ್ತು, ತಂದು ಇಳಿಸಿದ್ವಿ, ಅಷ್ಟೆ" ಎಂದರು. ಮಾತು ನಿಜವಾದರೆ ಎಂಜಿನ್ ಹಾಳಾಗಿ ನಿಂತದ್ದಲ್ಲ. ನಿಂತು ಹಾಳಾದದ್ದು.

ಮಾತು ನಿಜವಾ ಎಂದು ಯಂತ್ರವನ್ನೇ ಕೇಳಿದೆ. ಮೊದಲು ಎಣ್ಣೆ ಡ್ರೇನ್ ಬೋಲ್ಟ್ ಸಡಿಲ ಮಾಡಿ ಕೆಳಗೆ ಒಂದು ಸ್ಟೀಲ್ ಲೋಟ ಹಿಡಿದೆ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ನಿಂತಿರುತ್ತದೆ. ನೀರಿದ್ದರೆ ಮೊದಲು ಅದೇ ಬರುತ್ತದೆ. ಮುಕ್ಕಾಲು ಲೋಟ ಕಂದು ನೀರು ಬಂತು, ಆಮೇಲೆ ಕಪ್ಪು ಎಣ್ಣೆ ದಾರದ ಹಾಗೆ ಇಳಿಯಿತು. ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದೆ. ಲೋಹದ ಹೊಳಪು ಇರಲಿಲ್ಲ. ಬೇರಿಂಗ್ ತಿಂದಿದ್ದರೆ ಬೆಳ್ಳಿ ಪುಡಿಯ ಹಾಗೆ ಮಿನುಗುತ್ತದೆ.

ನೀರು ಎಲ್ಲಿಂದ ಬಂತು? ಸೈಲೆನ್ಸರ್ ಪೈಪ್ ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತು, ಮುಚ್ಚಳ ಇಲ್ಲ. ನಿಂತ ಹೊತ್ತಿಗೆ ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದೇ ಇದ್ದಿರಬೇಕು. ಮಳೆ ನೀರು ಪೈಪ್‌ನಲ್ಲಿ ಇಳಿದು, ಪಿಸ್ಟನ್ ಮೇಲೆ ನಿಂತು, ರಿಂಗ್ ಸಂದಿಯಲ್ಲಿ ಜಿನುಗಿ ಕೆಳಗೆ ಸೇರಿದೆ. ಕ್ರ್ಯಾಂಕ್‌ಕೇಸ್‌ನ ಪಕ್ಕದ ಬಾಗಿಲು ಬಿಚ್ಚಿ ಟಾರ್ಚ್ ಹಾಕಿದೆ. ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ತುದಿ, ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನಲಿಲ್ಲ. ಸುಟ್ಟ ನೀಲಿ ಬಣ್ಣ ಎಲ್ಲೂ ಇಲ್ಲ. ಫ್ಲೈವೀಲ್‌ಗೆ ಹಾರೆ ಕೊಟ್ಟು ಎತ್ತಿದಾಗ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿತು. ಅಂದರೆ ಕ್ರ್ಯಾಂಕ್ ಹಿಡಿದಿಲ್ಲ, ಪಿಸ್ಟನ್ ಹಿಡಿದಿದೆ. ಶಾಮಿಯಾನದವರು ಹೇಳಿದ್ದು ಸತ್ಯ.

ಡೈನಮೋ ಮುಚ್ಚಳ ತೆಗೆದರೆ ಇಲಿ ಗೂಡು. ಅಡಿಕೆ ಸಿಪ್ಪೆ, ಶಾಮಿಯಾನದ ಕೆಂಪು ಬಟ್ಟೆ ಚೂರು, ಹತ್ತಿ. ಎರಡು ವೈರ್ ಕಡಿದಿತ್ತು. ಮಲ್ಟಿಮೀಟರ್ ಹಿಡಿದು ನೋಡಿದೆ: ಫೀಲ್ಡ್ ಕಾಯಿಲ್ (ಅಯಸ್ಕಾಂತ ಶಕ್ತಿ ಕೊಡುವ ತಂತಿ ಸುರುಳಿ) ತುಂಡಾಗಿಲ್ಲ, ಬಾಡಿಗೆ ನೇರ ಶಾರ್ಟ್ ಇಲ್ಲ. ಅಷ್ಟು ಸಾಕು ಅನ್ನಿಸಿತು. ಡೈನಮೋ ಪೂರ್ತಿ ರೀವೈಂಡಿಂಗ್‌ಗೆ ಬಂದಿದ್ದರೆ ನಾನು ಅಲ್ಲಿಂದಲೇ ವಾಪಸ್ ಬರುತ್ತಿದ್ದೆ. ತಾಮ್ರದ ಬೆಲೆ ಹಾಗಿದೆ.

ಬೆಲೆ ಮಾತಾಡುವಾಗ ಗುಜರಿ ಲೆಕ್ಕ ಹಿಡಿದೆ. ಎಂಜಿನ್, ಡೈನಮೋ, ಕಬ್ಬಿಣದ ಚಾಸಿ ಎಲ್ಲ ಸೇರಿ ಸುಮಾರು 300 ಕೆಜಿ. ಆ ವಾರ ನಮ್ಮೂರ ಗುಜರಿಯವನು ಕಬ್ಬಿಣಕ್ಕೆ ಕೆಜಿಗೆ 30 ರೂಪಾಯಿ ಹೇಳಿದ್ದ. ಅಲ್ಲಿಗೆ 9 ಸಾವಿರ, ತಾಮ್ರ ಸ್ವಲ್ಪ ಮೇಲೆ. 11 ಸಾವಿರಕ್ಕೆ ಮುಗಿಯಿತು. ನನ್ನ ಕೈಯಲ್ಲಿ ಆಗದೇ ಹೋದರೂ ದುಡ್ಡು ಪೂರ್ತಿ ಮುಳುಗುವುದಿಲ್ಲ. ಈ ಲೆಕ್ಕ ಮನಸ್ಸಲ್ಲಿ ಇದ್ದದ್ದರಿಂದಲೇ ರಾತ್ರಿ ನಿದ್ದೆ ಬಂತು.

ಮನೆಗೆ ತಂದು ಹೆಡ್ ಬಿಚ್ಚಿದೆ. ಪಿಸ್ಟನ್ ಮಧ್ಯದಲ್ಲಿ ನಿಂತಿದೆ, ಅದರ ಮೇಲೆ ಇಟ್ಟಿಗೆ ಬಣ್ಣದ ಕೆಸರು. ಕೆರೆದು, ಒರೆಸಿ, ಡೀಸೆಲ್‌ಗೆ ಅರ್ಧ ಎಂಜಿನ್ ಆಯಿಲ್ ಬೆರೆಸಿ ಸಿಲಿಂಡರ್ ತುಂಬ ಸುರಿದೆ. ಐದು ದಿನ ಬಿಟ್ಟೆ. ದಿನ ಬೆಳಿಗ್ಗೆ ಹಾಲು ಕರೆದು ಬಂದ ಮೇಲೆ ಮಟ್ಟ ನೋಡುವುದು. ಮೂರನೇ ದಿನ ಅರ್ಧ ಇಂಚು ಇಳಿದಿತ್ತು. ಸಂದಿಗೆ ಹೋಗುತ್ತಿದೆ ಎಂದು ಗೊತ್ತಾಯಿತು. ಇಲ್ಲಿ ಅವಸರ ಮಾಡಿ ಕಬ್ಬಿಣದ ಸುತ್ತಿಗೆ ಎತ್ತಿದರೆ ಪಿಸ್ಟನ್ ಒಡೆಯುತ್ತದೆ. ಆರನೇ ದಿನ ಪಿಸ್ಟನ್ ತಲೆಯ ಮೇಲೆ ಗಟ್ಟಿ ಮರದ ತುಂಡು ಇಟ್ಟು ಮೆಲ್ಲಗೆ ಬಡಿದೆ, ಚಿಕ್ಕಪ್ಪನ ಮಗ ಫ್ಲೈವೀಲ್ ಹಿಡಿದು ತೂಗುತ್ತಿದ್ದ. ಒಂದು ಸಲ ಸಣ್ಣಗೆ 'ಟಕ್' ಅಂತು. "ಅಣ್ಣ, ಹಂದಾಡ್ತು!" ಎಂದ. ಭತ್ತದ ಕಾಳಿನಷ್ಟು ಇಳಿದಿತ್ತು. ಅದಾದ ಮೇಲೆ ಅರ್ಧ ಗಂಟೆಯಲ್ಲಿ ಪಿಸ್ಟನ್ ಹೊರಗೆ ಬಂತು.

ಮೂರು ರಿಂಗ್ ಗೂಡಿನಲ್ಲೇ ಅಂಟಿದ್ದವು, ಎರಡು ಮುರಿದವು. ಲೈನರ್ ಒಳಗೆ, ಪಿಸ್ಟನ್ ನಿಂತಿದ್ದ ಜಾಗದಲ್ಲಿ ಸುತ್ತಲೂ ಕಪ್ಪು ಗೆರೆ. ಪಾಲಿಶ್ ಪೇಪರ್ ಹಾಕಿ ಉಜ್ಜಿದೆ, ಬಣ್ಣ ಹೋಯಿತು, ಗುಳಿ ಹೋಗಲಿಲ್ಲ. ಇದಕ್ಕೆ ಹಳೆಯ ಮೇಸ್ತ್ರಿಗಳು ಕಲಿಸಿದ ಒಂದು ಪರೀಕ್ಷೆ ಇದೆ. ಕಣ್ಣು ಮುಚ್ಚಿ ಉಗುರನ್ನು ಮೇಲಿನಿಂದ ಕೆಳಗೆ ಎಳೆಯಬೇಕು. ಉಗುರು ಜಾರಿ ಹೋದರೆ ಲೈನರ್ ಉಳಿಯಿತು. ನನ್ನದು ಆ ಗೆರೆಯ ಹತ್ತಿರ ಪ್ರತಿ ಸಲ ತಡೆಯಿತು. ಹೊಸ ಲೈನರ್, ಪಿಸ್ಟನ್, ರಿಂಗ್ ಸೇರಿದ ಕಿಟ್ ಹಾಕಿಯೇ ಬಿಡೋಣ ಎಂದು ತೀರ್ಮಾನ ಮಾಡಿದೆ.

ಟಿವಿ1 ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ಇಲ್ಲಿ. ಬ್ಲಾಕ್ ಪೂರ್ತಿ ಎತ್ತಿಕೊಂಡು ಬೋರ್ ಮಾಡಿಸಲು ಓಡಬೇಕಿಲ್ಲ. ಲೈನರ್ ಎಳೆದು ತೆಗೆದು ಹೊಸದು ಕೂರಿಸಬಹುದು. 87.5 ಮಿಮೀ ಬೋರ್, 110 ಮಿಮೀ ಸ್ಟ್ರೋಕ್, 661 ಸಿಸಿ. ಈ ಅಳತೆ ಹೇಳಿದರೆ ಶಿವಮೊಗ್ಗದ ಅಂಗಡಿಯವನು ಪುಸ್ತಕ ತೆರೆಯದೆ ಡಬ್ಬಿ ತೆಗೆದು ಕೊಟ್ಟ. ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲೂ ಪ್ರಯೋಗಕ್ಕೆ ಇದೇ ಎಂಜಿನ್ ಇಡುತ್ತಾರೆ. ಓದಿದ ಹುಡುಗರನ್ನು ಕೇಳಿದರೆ ಬಹಳ ಜನಕ್ಕೆ ಗೊತ್ತು. ಲೈನರ್ ಕೂರಿಸುವಾಗ ಕೆಳಗಿನ ರಬ್ಬರ್ ರಿಂಗ್‌ಗಳಿಗೆ ಸೋಪಿನ ನೀರು ಸವರಿದೆ. ಆಮೇಲೆ ಎಣ್ಣೆ ತುಂಬುವ ಮೊದಲೇ ನೀರಿನ ಜಾಕೆಟ್ ತುಂಬಿಸಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಕ್ರ್ಯಾಂಕ್‌ಕೇಸ್ ಒಣಗಿತ್ತು. ಈ ಒಂದು ರಾತ್ರಿ ಉಳಿಸಲು ಹೋಗಿ ನಮ್ಮ ಕಡೆ ಒಬ್ಬರು ಹೊಸ ಎಣ್ಣೆಯನ್ನೆಲ್ಲ ಹಾಲು ಹಾಕಿದ ಕಾಫಿ ಬಣ್ಣ ಮಾಡಿಕೊಂಡಿದ್ದಾರೆ.

ಎಕ್ಸಾಸ್ಟ್ ವಾಲ್ವ್ ಸೀಟ್ ತುಕ್ಕು ತಿಂದಿತ್ತು. ಲೇತ್‌ನವರ ಹತ್ತಿರ ಸೀಟ್ ಕಟ್ ಮಾಡಿಸಿ, ಗ್ರೈಂಡಿಂಗ್ ಪೇಸ್ಟ್ ಹಾಕಿ ನಾನೇ ಉಜ್ಜಿದೆ. ಪೋರ್ಟ್‌ಗೆ ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಕಾದೆ, ವಾಲ್ವ್ ಅಂಚಲ್ಲಿ ತೇವ ಕಾಣಲಿಲ್ಲ.

ಈಗ ಪಂಪ್ ಲ್ಯಾಬ್, ಅಂದರೆ ಡೀಸೆಲ್ ಪಂಪ್ ಪರೀಕ್ಷಿಸಿ ರಿಪೇರಿ ಮಾಡುವ ಅಂಗಡಿಯ ಬಗ್ಗೆ. ಇದನ್ನು ಬರೆಯಲೇಬೇಕು. ಡೀಸೆಲ್ ಪಂಪ್, ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಎರಡನ್ನೂ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಬಸ್ಸಲ್ಲಿ ಶಿವಮೊಗ್ಗಕ್ಕೆ ಒಯ್ದೆ. ಆಟೋ ಕಾಂಪ್ಲೆಕ್ಸ್ ಒಳಗೆ ಒಂದು ಸಣ್ಣ ಅಂಗಡಿ, ಕೂರಲು ಒಂದೇ ಸ್ಟೂಲ್. ನೆಲ ಮಾತ್ರ ನಮ್ಮ ಅಡುಗೆಮನೆಯಷ್ಟು ಚೊಕ್ಕ. ಪಂಪ್ ಕೆಲಸ ಮಾಡುವ ಜಾಗದಲ್ಲಿ ಧೂಳು ಇದ್ದರೆ ಅಲ್ಲಿಗೆ ಕೊಡಬೇಡಿ. ಅರವತ್ತು ದಾಟಿದ ಭಾಯ್ ಒಬ್ಬರು. ಇಂಜೆಕ್ಟರನ್ನು ಕೈ ಪಂಪಿನ ಟೆಸ್ಟರ್‌ಗೆ ಹಾಕಿ ಒತ್ತಿದರು. ಮುಳ್ಳು 140 ಬಾರ್ ಹತ್ತಿರ ಬರುತ್ತಲೇ ಬಿಟ್ಟುಕೊಂಡಿತು. ಇದು 200ರ ಆಸುಪಾಸಿನಲ್ಲಿ ಬಿಡಬೇಕು. ತುದಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕಿತು. "ನೋಡಿ ಗೌಡ್ರೇ, ಇದು ಸಿಂಪಡಿಸ್ತಿಲ್ಲ, ಸುರಿಸ್ತಿದೆ. ಹೀಗೆ ಹಾಕಿ ಓಡಿಸಿದ್ರೆ ನಿಮ್ಮ ಹೊಸ ಪಿಸ್ಟನ್ ತೂತಾಗುತ್ತೆ" ಎಂದರು. ನಾನು ಹತ್ತಿರ ಬಗ್ಗಿದಾಗ ನನ್ನ ಕೈಯನ್ನು ಹಿಂದಕ್ಕೆ ತಳ್ಳಿದರು. ಆ ಒತ್ತಡದಲ್ಲಿ ಬರುವ ಡೀಸೆಲ್ ಚರ್ಮದೊಳಗೆ ಹೊಕ್ಕುಬಿಡುತ್ತದೆ. ನೋಡಲು ಸೂಜಿ ಚುಚ್ಚಿದ ಹಾಗೆ ಇರುತ್ತದೆ, ಆದರೆ ಕೈಯನ್ನೇ ಕಳೆದುಕೊಳ್ಳುವ ಗಾಯ.

ಮೂರು ತೂತಿನ ಹೊಸ ನಾಜಲ್ ಹಾಕಿ, ಒತ್ತಡ ಸರಿಪಡಿಸುವ ಶಿಮ್ ಹೊಂದಿಸಿ ಮತ್ತೆ ಒತ್ತಿದರು. ಈ ಸಲ ಮೂರು ಕಡೆಗೆ ಹೊಗೆಯ ಹಾಗೆ ಬಂತು, ಜೊತೆಗೆ 'ಕ್ರ್ರ್' ಎಂಬ ಸದ್ದು. ತುದಿ ಒಣಗಿಯೇ ಇತ್ತು. ಎಂಜಿನ್ ಇನ್ನೂ ನೂರು ಕಿಲೋಮೀಟರ್ ದೂರದ ಕೊಟ್ಟಿಗೆಯಲ್ಲಿತ್ತು. ಆದರೂ ಓಡಿದಷ್ಟೇ ಖುಷಿ ಆಯಿತು.

ಪಂಪ್ ಮೈಕೋದು, ಅಂದರೆ ಈಗಿನ ಬಾಷ್. ಬೆಂಗಳೂರಿನ ಆಡುಗೋಡಿ ಕಾರ್ಖಾನೆಯ ಹೆಸರು ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಮೈಕೋ ಎಂದೇ ಇದೆ. ಹಳೆಯ ಡೀಸೆಲ್ ಅಂಟಿನ ಹಾಗೆ ಗಟ್ಟಿಯಾಗಿ ಪಂಪಿನ ರಾಕ್ ಜಾಮ್ ಆಗಿತ್ತು. ಇಲ್ಲಿ ಎಲ್ಲರೂ ಗಮನ ಕೊಡಬೇಕು. ರಾಕ್ ಎಂದರೆ ಎಂಜಿನ್‌ಗೆ ಎಷ್ಟು ಡೀಸೆಲ್ ಹೋಗಬೇಕು ಎಂದು, ಸ್ಪೀಡ್ ಹಿಡಿತದಲ್ಲಿಡುವ ಗವರ್ನರ್ ಹಿಂದೆ ಮುಂದೆ ಎಳೆಯುವ ಸಣ್ಣ ಕಂಬಿ. ಅದು ಪೂರ್ತಿ ತೆರೆದ ಕಡೆ ಅಂಟಿಕೊಂಡಿದ್ದರೆ ಎಂಜಿನ್ ಸ್ಟಾರ್ಟ್ ಆದ ಕ್ಷಣದಿಂದ ಸ್ಪೀಡ್ ಏರುತ್ತಲೇ ಹೋಗುತ್ತದೆ, ಎಂದಿನ ಹಾಗೆ ನಿಲ್ಲಿಸಲು ಆಗುವುದಿಲ್ಲ. ಫ್ಲೈವೀಲ್ ಒಡೆದರೆ ಎದುರು ಇದ್ದವರ ಗತಿ ಹೇಳುವಂತಿಲ್ಲ. ವರ್ಷಗಟ್ಟಲೆ ನಿಂತ ಎಂಜಿನ್‌ಗೆ "ಸುಮ್ನೆ ಒಂದ್ಸಲ ಹೊಡೆದು ನೋಡಣ" ಎನ್ನುವವರಿಗೆ ನಾನು ಹೇಳುವುದು ಇದೊಂದೇ. ಮೊದಲು ರಾಕ್ ಬೆರಳಲ್ಲಿ ಸಲೀಸಾಗಿ ಆಡುತ್ತಾ ನೋಡಿ.

ಭಾಯ್ ಹೊಸ ಪಂಪ್ ಮಾರಬಹುದಿತ್ತು. ಮಾರಲಿಲ್ಲ. ಪಂಪಿನ ಒಳಗೆ ಡೀಸೆಲ್ ಒತ್ತುವ ಎಲಿಮೆಂಟ್ ತೊಳೆದು, ಒತ್ತಡ ಪರೀಕ್ಷೆ ಮಾಡಿ "ಇದು ಇನ್ನೂ ಹತ್ತು ವರ್ಷ ಬರುತ್ತೆ" ಎಂದು ಅದನ್ನೇ ಕೊಟ್ಟರು. "ಟ್ಯಾಂಕ್ ತೊಳೆದು, ಫಿಲ್ಟರ್ ಹೊಸದು ಹಾಕಿ. ಇಲ್ಲಾಂದ್ರೆ ನನ್ ಕೆಲ್ಸ ಎಲ್ಲಾ ನೀರಿಗೆ ಹೋಯ್ತು." ನಾಜಲ್ ಸೇರಿ 1,900 ರೂಪಾಯಿ, ಬಿಚ್ಚಿದ ಹಳೆಯ ಸಾಮಾನು ಒಂದು ಕವರ್‌ನಲ್ಲಿ ಹಾಕಿ ಕೊಟ್ಟರು. ಎರಡು ದಿನ ಎಂದು ಹೇಳಿ ಐದು ದಿನ ಮಾಡಿದರು. ನನಗೆ ಎರಡು ಸಲ ಬಸ್ ಚಾರ್ಜ್ ಬಿತ್ತು. ಅದೊಂದು ಬಿಟ್ಟರೆ ಕೆಲಸಕ್ಕೆ ಪೂರ್ತಿ ಅಂಕ.

ಡೈನಮೋದ ಪ್ಲೇಟ್ ಮೇಲೆ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಬೆಂಗಳೂರು ಎಂದಿದೆ. 1946ರಲ್ಲಿ ಶುರುವಾದ ಕಂಪನಿ. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಮೊದಲು ನಡೆಸಿದ್ದು ಬೆಳಗಾವಿಯಲ್ಲಿ ಸೈಕಲ್ ಅಂಗಡಿ. ಪ್ಲೇಟ್ ಒರೆಸುವಾಗ ಇದೆಲ್ಲ ನೆನಪಾಯಿತು.

ಇಲಿ ಗೂಡು ತೆಗೆದು, ಗಾಳಿ ಊದಿ, ವೈಂಡಿಂಗ್ ಅಂಗಡಿಯವರಿಂದ ಮೆಗ್ಗರ್ (ವೈಂಡಿಂಗ್‌ನ ಇನ್ಸುಲೇಶನ್ ಅಳೆಯುವ ಮೀಟರ್) ತಂದು ಹಿಡಿದೆ. 0.2 ಮೆಗಾ ಓಮ್. ಇದು ತೇವ. ಕನಿಷ್ಠ 1 ಆದರೂ ಇರಬೇಕು. ಒಂದು ದೊಡ್ಡ ರಟ್ಟಿನ ಡಬ್ಬ ಮುಚ್ಚಿ, ಒಳಗೆ ಕೋಳಿಮರಿಗೆ ಹಾಕುವ 100 ವ್ಯಾಟ್ ಬಲ್ಬ್ ಎರಡು ಇಟ್ಟೆ. ಬಲ್ಬ್ ರಟ್ಟಿಗೆ ತಾಗದ ಹಾಗೆ ಕಬ್ಬಿಣದ ಕಡ್ಡಿ ಕಟ್ಟಿದ್ದೆ, ಹಗಲು ಮಾತ್ರ, ನಾವು ಮನೆಯಲ್ಲಿ ಇದ್ದಾಗ. ಮೂರನೇ ದಿನ ಸಂಜೆ 8 ಮೆಗಾ ಓಮ್ ತೋರಿಸಿತು. ಆಮೇಲೆ ಅಂಗಡಿಯಲ್ಲಿ ವಾರ್ನಿಷ್ ಹೊಡೆಸಿ, ಕಡಿದ ವೈರ್, ಕಾರ್ಬನ್ ಬ್ರಷ್, ಎರಡೂ ಬೇರಿಂಗ್ ಹೊಸದು ಹಾಕಿಸಿದೆ.

ಯುಗಾದಿ ಕಳೆದು ಎರಡನೇ ಭಾನುವಾರ ಸ್ಟಾರ್ಟ್ ಮಾಡಿದೆವು. ಮೊದಲು ಡೀಸೆಲ್ ಬಂದ್ ಇಟ್ಟು, ಹ್ಯಾಂಡಲ್ ಹಗುರಾಗಲು ಸಿಲಿಂಡರ್ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ, ಮೇಲೆ ವಾಲ್ವ್ ಒತ್ತುವ ರಾಕರ್ ಹತ್ತಿರ ಎಣ್ಣೆ ಒಸರುವವರೆಗೆ ಸುಮ್ಮನೆ ಹ್ಯಾಂಡಲ್ ತಿರುಗಿಸಿದೆವು. ಆಮೇಲೆ ಫಿಲ್ಟರ್, ಪಂಪ್, ಕೊನೆಗೆ ಇಂಜೆಕ್ಟರ್ ನಟ್, ಈ ಸಾಲಿನಲ್ಲಿ ಡೀಸೆಲ್ ಲೈನಿನ ಗಾಳಿ ತೆಗೆದದ್ದು. ಗಾಳಿ ಪೂರ್ತಿ ಹೋದ ಮೇಲೆ ಹ್ಯಾಂಡಲ್ ತಿರುಗಿಸಿದರೆ ಇಂಜೆಕ್ಟರ್ ಒಳಗೆ ಭಾಯ್ ಅಂಗಡಿಯಲ್ಲಿ ಕೇಳಿದ್ದೇ 'ಕ್ರ್ರ್' ಕೇಳುತ್ತದೆ, ಎರಡು ಸುತ್ತಿಗೆ ಒಂದು ಸಲ. ಅದು ಕೇಳುವವರೆಗೆ ಬೆವರು ಸುರಿಸಿ ಹೊಡೆದರೂ ಪ್ರಯೋಜನ ಇಲ್ಲ. ಏರ್ ಕ್ಲೀನರ್ ಬಾಯಿಗೆ ಮುಚ್ಚಲು ಒಂದು ಹಲಗೆ ಹಿಡಿದು ಚಿಕ್ಕಪ್ಪನ ಮಗನನ್ನು ನಿಲ್ಲಿಸಿದ್ದೆ. ಸ್ಪೀಡ್ ಹಿಡಿತ ತಪ್ಪಿದರೆ ಗಾಳಿ ಕಟ್ಟಿ ನಿಲ್ಲಿಸಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು, ಸುತ್ತ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ.

ಮೂರನೇ ಸಲಕ್ಕೆ ಲಿವರ್ ಬಿಟ್ಟಾಗ 'ಡುಗ್' ಅಂತು, ಇನ್ನೊಮ್ಮೆ 'ಡುಗ್', ಆಮೇಲೆ ನಿಲ್ಲಲಿಲ್ಲ. ಬಿಳಿ ಹೊಗೆ ಎರಡು ನಿಮಿಷದಲ್ಲಿ ತಿಳಿಯಾಯಿತು. ಅಮ್ಮ ಜಗಲಿಯಿಂದಲೇ "ಹೊತ್ತಿತಾ?" ಎಂದು ಕೂಗಿದರು.

ಆದರೆ ಕರೆಂಟ್ ಬರಲಿಲ್ಲ. ಮೀಟರ್‌ನಲ್ಲಿ ಒಂದು ವೋಲ್ಟ್ ಕೂಡ ಇಲ್ಲ. ಇಂಥ ಡೈನಮೋ ತನ್ನ ಕಬ್ಬಿಣದಲ್ಲಿ ಉಳಿದಿರುವ ಸ್ವಲ್ಪ ಅಯಸ್ಕಾಂತ ಶಕ್ತಿಯಿಂದಲೇ ಮೊದಲ ಕರೆಂಟ್ ಹುಟ್ಟಿಸಿಕೊಂಡು ಆಮೇಲೆ ಏರುತ್ತದೆ. ವರ್ಷಗಟ್ಟಲೆ ನಿಂತರೆ ಆ ಶಕ್ತಿ ಹೋಗಿಬಿಡಬಹುದು. ಇದನ್ನು ತಿಳಿಯದೆ ವೈಂಡಿಂಗ್ ಸುಟ್ಟಿದೆ ಎಂದು ಬಿಚ್ಚಿಸಿ ದುಡ್ಡು ಕಳೆದವರು ಇದ್ದಾರೆ. ಎಂಜಿನ್ ನಿಲ್ಲಿಸಿ, ಬ್ರಷ್ ವೈರ್ ಬಿಚ್ಚಿ, ಟಿಲ್ಲರ್‌ನ 12 ವೋಲ್ಟ್ ಬ್ಯಾಟರಿಯನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಹತ್ತು ಸೆಕೆಂಡ್ ಫೀಲ್ಡ್‌ಗೆ ಕೊಟ್ಟೆ. ಬ್ಯಾಟರಿ ತೆಗೆದು, ವೈರ್ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿದೆ. ಮುಳ್ಳು 5, 30, 110 ಎಂದು ಏರಿ 232ಕ್ಕೆ ನಿಂತಿತು. ಅದನ್ನು ನೋಡುತ್ತ ನಿಂತ ಆ ನಾಲ್ಕೈದು ಸೆಕೆಂಡಿಗೋಸ್ಕರ ಎರಡು ತಿಂಗಳ ಕೆಲಸ ಪೂರ್ತಿ ಮತ್ತೆ ಮಾಡಲು ನಾನು ತಯಾರಿದ್ದೇನೆ.

ಗವರ್ನರ್ ಸ್ಪ್ರಿಂಗ್ ಹೊಂದಿಸಿ ಲೋಡ್ ಇಲ್ಲದಾಗ 52 ಹರ್ಟ್ಸ್ ಇಟ್ಟೆ. 1500 ಆರ್‌ಪಿಎಂ ಎಂದರೆ 50 ಹರ್ಟ್ಸ್, ಲೋಡ್ ಬಿದ್ದಾಗ ಅಲ್ಲಿಗೆ ಇಳಿಯುತ್ತದೆ. ಲೋಡ್ ಪರೀಕ್ಷೆಗೆ ನೀರು ಕಾಯಿಸುವ 1500 ವ್ಯಾಟ್ ಕಾಯಿಲ್ ಎರಡನ್ನು ಎರಡು ಬಕೆಟ್‌ನಲ್ಲಿ ಇಳಿಸಿದೆ. ಎಂಜಿನ್ ಸದ್ದು ದಪ್ಪ ಆಯಿತು, ವೋಲ್ಟ್ 219ಕ್ಕೆ ಬಂತು, ನಿಂತಿತು. ಒಂದು ಗಂಟೆ ಹೊತ್ತಿಗೆ ಇಂಜೆಕ್ಟರ್ ಬುಡದಲ್ಲಿ 'ಚುಸ್' ಎಂದು ಮಸಿ ಕಾರಲು ಶುರು. ತಾಮ್ರದ ವಾಷರ್ ಹಳೆಯದನ್ನೇ ಹಾಕಿದ್ದೆ. ಹೊಸದು ಹಾಕಿದ ಮೇಲೆ ಸರಿ ಹೋಯಿತು. ತಣಿಸಲು ಪಕ್ಕದಲ್ಲಿ 200 ಲೀಟರ್ ಡ್ರಮ್ ಇದೆ. ಕೆಳಗಿನ ಪೈಪ್‌ನಲ್ಲಿ ತಣ್ಣೀರು ಎಂಜಿನ್‌ಗೆ ಹೋಗುತ್ತದೆ, ಬಿಸಿ ನೀರು ತಾನಾಗಿಯೇ ಮೇಲಿನ ಪೈಪ್‌ನಲ್ಲಿ ಡ್ರಮ್‌ಗೆ ಬರುತ್ತದೆ. ಮೇಲಿನ ಪೈಪ್ ಬಾಯಿ ಯಾವಾಗಲೂ ನೀರಿನೊಳಗೇ ಇರಬೇಕು, ಇಲ್ಲದಿದ್ದರೆ ನೀರು ಸುತ್ತುವುದು ನಿಲ್ಲುತ್ತದೆ.

ಮನೆಗೆ ಲೈನ್ ಕೊಡುವಾಗ ಚೇಂಜ್‌ಓವರ್ ಸ್ವಿಚ್ ಹಾಕಲೇಬೇಕು. ಮನೆ ಒಂದು ಸಲಕ್ಕೆ ಹೊರಗಿನ ಲೈನ್ ಅಥವಾ ಜನರೇಟರ್, ಒಂದಕ್ಕೆ ಮಾತ್ರ ಸೇರುವ ಹಾಗೆ ಅದು ಮಾಡುತ್ತದೆ. ಕೆಲವರು ಎರಡು ಕಡೆ ಪಿನ್ ಇರುವ ವೈರ್ ಮಾಡಿ ಸಾಕೆಟ್‌ಗೆ ಚುಚ್ಚುತ್ತಾರೆ. ಆ ಕರೆಂಟ್ ಹಿಂದಕ್ಕೆ ಹೋಗಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟ್ ಆಗಿ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಕೈಗೆ ಸಿಗುತ್ತದೆ. ನಮ್ಮ ಮನೆಗೆ ಬೆಳಕು ಕೊಡಲು ಬಂದ ಹುಡುಗ ನಮ್ಮ ಕೊಟ್ಟಿಗೆಯ ಜನರೇಟರ್‌ನಿಂದ ಸಾಯಬಾರದು. ಸ್ವಿಚ್‌ಗೆ 1,500 ರೂಪಾಯಿ. ಹೊಗೆ ಪೈಪ್ ಕೂಡ ಕೊಟ್ಟಿಗೆಯಿಂದ ಹೊರಗೇ ಹೋಗಬೇಕು. ಮಳೆ ಎಂದು ಬಾಗಿಲು ಮುಚ್ಚಿ ಒಳಗೆ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಕೊಲ್ಲಬಹುದು, ಅದಕ್ಕೆ ವಾಸನೆಯೂ ಇರುವುದಿಲ್ಲ.

ಒಟ್ಟು ಖರ್ಚು: ಸೆಟ್ 11,000, ಪಿಕಪ್ ಬಾಡಿಗೆ 1,800, ಲೈನರ್ ಕಿಟ್ 3,800, ಪಂಪ್ ಲ್ಯಾಬ್ 1,900, ಗ್ಯಾಸ್ಕೆಟ್ 650, ಬೇರಿಂಗ್ 900, ಎಣ್ಣೆ ಮತ್ತು ಫಿಲ್ಟರ್ 1,400, ವೈಂಡಿಂಗ್ ಅಂಗಡಿ 1,600, ಚೇಂಜ್‌ಓವರ್ 1,500, ಡ್ರಮ್, ಪೈಪ್, ಸೈಲೆನ್ಸರ್ ಮುಚ್ಚಳ 1,200, ಲೇತ್ 500. ಎಲ್ಲ ಸೇರಿ 26,250. ನನ್ನ ಕೂಲಿ ಹಾಕಿಲ್ಲ. ಕೂಲಿ ಕೊಟ್ಟು ಮಾಡಿಸುವವರು ಇನ್ನೂ ಏಳೆಂಟು ಸಾವಿರ ಸೇರಿಸಿಕೊಳ್ಳಿ.

ಜುಲೈನಲ್ಲಿ ಮೂರೂವರೆ ದಿನ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಂದು ಒಟ್ಟು 14 ಗಂಟೆ ಓಡಿಸಿದೆ, 13 ಲೀಟರ್ ಡೀಸೆಲ್ ಹೋಯಿತು. ಗಂಟೆಗೆ ಹೆಚ್ಚುಕಡಿಮೆ 85 ರೂಪಾಯಿ. ನನ್ನ ಲೋಡ್‌ಗೆ ಲೆಕ್ಕ ಹಾಕಿದರೆ ಯೂನಿಟ್‌ಗೆ 40ರ ಹತ್ತಿರ ಬೀಳುತ್ತದೆ. ಹಾಗಾಗಿ ಎರಡು ಬಲ್ಬ್ ಉರಿಸಲು ಇದನ್ನು ಓಡಿಸುವುದಿಲ್ಲ. ಕಡಿಮೆ ಲೋಡ್‌ನಲ್ಲಿ ತುಂಬ ಹೊತ್ತು ಓಡಿದರೆ ಡೀಸೆಲ್ ಎಂಜಿನ್‌ಗೂ ಒಳ್ಳೆಯದಲ್ಲ, ಮಸಿ ಕಟ್ಟುತ್ತದೆ. ಪಂಪ್, ಫ್ರಿಜ್, ಮಿಕ್ಸಿ, ಮೊಬೈಲ್ ಎಲ್ಲವನ್ನೂ ಆ ಎರಡು ಗಂಟೆಗೆ ಹೊಂದಿಸಿಕೊಂಡಿದ್ದೇವೆ.

ಕೊರತೆಗಳೂ ಇವೆ. ಸದ್ದು ಜೋರು. ಪಕ್ಕದ ಮನೆ ಅರ್ಧ ಫರ್ಲಾಂಗ್ ದೂರ ಇರುವುದರಿಂದ ನಡೆಯುತ್ತದೆ, ಪೇಟೆಯಲ್ಲಿ ಇದು ಬೇಡವೇ ಬೇಡ. ಒಂದೇ ಸಿಲಿಂಡರ್, ಸೆಕೆಂಡಿಗೆ ಹನ್ನೆರಡೂವರೆ ಪೆಟ್ಟು. ಹಾಗಾಗಿ ಬಲ್ಬ್ ಬೆಳಕು ಸಣ್ಣಗೆ ಮಿಣುಕುತ್ತದೆ, ಓದಲು ಕೂತರೆ ಕಣ್ಣಿಗೆ ತಿಳಿಯುತ್ತದೆ. ಬಾವಿಯ 1 ಎಚ್‌ಪಿ ಮೋಟಾರ್ ಎಳೆಯುವಾಗ ವೋಲ್ಟ್ ಒಂದು ಕ್ಷಣ 180ಕ್ಕೆ ಬೀಳುತ್ತದೆ. ಅದಕ್ಕೇ ಮೊದಲು ಮೋಟಾರ್, ಆಮೇಲೆ ಫ್ರಿಜ್. ಟಿವಿ, ಕಂಪ್ಯೂಟರ್ ಕೊಡುವುದಿಲ್ಲ. ಹ್ಯಾಂಡಲ್ ಹೊಡೆಯಲು ನನ್ನ ಹೆಂಡತಿ ಕಲಿತಿದ್ದಾಳೆ, ನಾನಿಲ್ಲದಾಗ ಅವಳೇ ಸ್ಟಾರ್ಟ್ ಮಾಡುತ್ತಾಳೆ. ಅಮ್ಮ ಒಬ್ಬರೇ ಇದ್ದಾಗ ಮಾತ್ರ ಕಷ್ಟ.

ನವೆಂಬರ್, ಡಿಸೆಂಬರ್‌ನಲ್ಲಿ ಅಡಿಕೆ ಸುಲಿಯುವ ಮೆಷಿನ್ ಇದರ ಮೇಲೆ ಒಂಬತ್ತು ದಿನ ಓಡಿತು. ಒಂದು ದಿನವೂ ನಿಲ್ಲಲಿಲ್ಲ.

ಸದ್ಯಕ್ಕೆ ಎರಡು ಕೆಲಸ ಬಾಕಿ ಇದೆ. ರಾಕರ್ ಕವರ್ ಗ್ಯಾಸ್ಕೆಟ್‌ನಲ್ಲಿ ಎಣ್ಣೆ ಸ್ವಲ್ಪ ಒಸರುತ್ತಿದೆ, ಕಾರ್ಕ್ ಶೀಟ್ ತಂದಿಟ್ಟಿದ್ದೇನೆ. 150 ಗಂಟೆಗೆ ಎಣ್ಣೆ ಬದಲಿಸುವುದು ಎಂದು ಡ್ರಮ್ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ, ಇನ್ನು ಹತ್ತು ಗಂಟೆ ಇದೆ.